ಆಡಿಯೊ ಎರಡು: ಅನ್ನವ್ವ

"ಇದು ನನ್ನ ಮಗ ಅಲ್ಲ," ಎಂದಳು ಅನ್ನವ್ವ. "ಇವು ಬರೀ ಕಟಗಿ. ಕಟಗಿ ಸುಡಾಕತ್ತಾವು."

ಹಿರೇಬೆಂಡಿಗೇರಿಯ ಅವಳ ಮನೆಯ ಪಡಸಾಲೆಯಲ್ಲಿ, ಗೋವಿನಜೋಳದ ಚೀಲಗಳಿಗೆ ಒರಗಿಸಿಟ್ಟಿದ್ದ ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಚಿತೆ ಉರಿಯುತ್ತಿತ್ತು. ಸಿನಿಮಾದ ಹೆಸರು ‘ಒಂಬತ್ತನೆಯ ಬಂಕರ್’. ಅನ್ನವ್ವನ ಮಗ, ಸೇನೆಯಲ್ಲಿ ನಾಯಕ್ ಆಗಿದ್ದ ಶಿವಯೋಗಿ, ಗಡಿಯ ಹಿಮದ ಶಿಖರವೊಂದರಲ್ಲಿ ಸತ್ತದ್ದು ಅದರ ಕಥೆ. ಥಿಯೇಟರುಗಳಲ್ಲಿ ಐದು ಭಾಷೆಗಳಲ್ಲಿ ಓಡಿದ ಆ ಸಿನಿಮಾ ಈಗ ಮನೆಯಲ್ಲಿ ನೋಡುವವರಿಗಾಗಿ ಎರಡು ಬ್ಲೂ-ರೇ ಡಿಸ್ಕುಗಳ ಪೆಟ್ಟಿಗೆಯಾಗಿ ಬರುವುದರಲ್ಲಿತ್ತು. ಒಂದರಲ್ಲಿ ಸಿನಿಮಾ, ಇನ್ನೊಂದರಲ್ಲಿ ಬೋನಸ್: ಚಿತ್ರೀಕರಣದ ತುಣುಕುಗಳು, ನಟರ ಸಂದರ್ಶನ, ಹಿಮದ ಸೆಟ್ಟು ಕಟ್ಟಿದ ಬಗೆ. ಡಿಸ್ಕು ಕೊಳ್ಳುವವರು ಈಗ ಕಡಿಮೆ ನಿಜ. ಆದರೆ ಯುದ್ಧದ ಸಿನಿಮಾಗಳನ್ನು ಪುಸ್ತಕದಂತೆ ಕಪಾಟಿನಲ್ಲಿ ಜೋಡಿಸಿಟ್ಟುಕೊಳ್ಳುವವರು ಇನ್ನೂ ಇದ್ದಾರೆ.

ಆ ಪೆಟ್ಟಿಗೆಯ ಧ್ವನಿಯ ಕೆಲಸ ನನ್ನದು. ನಾನು ಸವಣೂರಿನವಳು. ಧಾರವಾಡದಲ್ಲಿ ಭೌತವಿಜ್ಞಾನ ಓದಿ, ಪ್ರಯೋಗಶಾಲೆಯಲ್ಲಿ ಸದ್ದಿನ ಅಲೆಗಳನ್ನು ಅಳೆಯುವುದನ್ನು ಕಲಿತು, ಕೊನೆಗೆ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ನೆಲೆ ನಿಂತೆ. ಅನ್ನವ್ವನ ಆಡುಮಾತು ಬೆಂಗಳೂರಿನವರಿಗೆ ತಿಳಿಯದೆಂದು ಕಂಪನಿಯವರು ನನ್ನನ್ನು ಹುಡುಕಿದ್ದರು.

ಇಂಥ ಡಿಸ್ಕಿನಲ್ಲಿ ಚಿತ್ರ ಒಂದೇ, ಧ್ವನಿಯ ಪಟ್ಟಿಗಳು ಮಾತ್ರ ಹಲವು. ರಿಮೋಟಿನ ಒಂದು ಗುಂಡಿ ಒತ್ತಿದರೆ ಸಿನಿಮಾದ ಮಾತು-ಸಂಗೀತಗಳೆಲ್ಲ ಹಿಂದೆ ಸರಿಯುತ್ತವೆ. ಅವುಗಳ ಮೇಲೆ, ಸಿನಿಮಾ ಮಾಡಿದವರು ದೃಶ್ಯದಿಂದ ದೃಶ್ಯಕ್ಕೆ ಹರಟುತ್ತ ಹೋಗುವುದು ಕೇಳಿಸುತ್ತದೆ. ಈ ಸಿನಿಮಾಕ್ಕೆ ಹಾಗೆ ಮಾತಾಡಬೇಕಿದ್ದವರು ಇಬ್ಬರು, ನಿರ್ದೇಶಕರು ಮತ್ತು ಅನ್ನವ್ವ. ‘ವೀರಮಾತೆಯ ಧ್ವನಿಯೊಂದಿಗೆ’ ಎಂದು ಜಾಹೀರಾತು ಆಗಲೇ ಹೊರಟುಬಿಟ್ಟಿತ್ತು. ಅದಕ್ಕೆ ಮೊದಲು ಅವಳಿಗೊಮ್ಮೆ ಪೂರ್ತಿ ಸಿನಿಮಾ ತೋರಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದ್ದರು.

ಅವಳು ಅದನ್ನು ಪೂರ್ತಿ ನೋಡಿರಲಿಲ್ಲ. ಸಿನಿಮಾ ಬಿಡುಗಡೆಯಾದ ದಿನ ಶಿಗ್ಗಾಂವಿಯ ಥಿಯೇಟರಿಗೆ ಕರೆಸಿ, ಮಧ್ಯಂತರದಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆಸಿ, ಕತ್ತಲಾಗುವುದರೊಳಗೆ ಊರು ಮುಟ್ಟಿಸಬೇಕೆಂದು ಕಾರು ಹತ್ತಿಸಿಬಿಟ್ಟಿದ್ದರು. ಹೀಗಾಗಿ ಮಗ ಬದುಕಿರುವ ಅರ್ಧವನ್ನಷ್ಟೇ ಅವಳು ನೋಡಿದ್ದಳು.

"ಸಿನಿಮಾದಾಗ ಸುಟ್ಟಾರಂತ ಮಂದಿ ಹೇಳಿದ್ರರಿ ಬಾಯಾರ. ನನ್ನ ಕಣ್ಣೀಲೆ ನೋಡೂತನಕ ನಂಬಬಾರದಂತ ಕುಂತಿದ್ದೆ. ಯಾಕಂದ್ರ ಇವ್ರು ಇದಾ ಊರಿಗೆ ಬಂದು, ನಮ್ಮ ಹೊಲದಾಗ ಕುಣಿ ತೋಡಿ, ಆ ಹೀರೋನ್ನ ಕುಂದ್ರಿಸಿ, ಮಣ್ಣು ಮಾಡಿದಂಗ ಚಿತ್ರ ತಕ್ಕೊಂಡು ಹೋಗಿದ್ರು. ವಿಭೂತಿ ಹಚ್ಚೂಮುಂದ ಆ ಹೆಣ ಎರಡ ಸಲ ಸೀನಿತ್ತು. ಊರಿಗೂರ ನಕ್ಕಿತ್ತು. ಅದೆಲ್ಲಾ ಎಲ್ಲಿ ಹೋತು?"

"ಕತ್ತರಿಸಿದ್ರವ್ವ. ಆಮೇಲೆ ಬೆಂಗಳೂರಾಗ ಸೆಟ್ ಹಾಕಿ ಈ ಚಿತಿ ಮಾಡಿದ್ರಂತ."

"ಮತ್ತ ಈ ಚಟಪಟ ಸಪ್ಪಳ? ಖರೇ ಬೆಂಕಿದ?"

ಅಲ್ಲ. ಮೈಕಿನ ಮುಂದೆ ನಿಜವಾದ ಬೆಂಕಿ ಬರೀ ಗಾಳಿಯಂತೆ ಕೇಳಿಸುತ್ತದೆ. ಆ ಸದ್ದನ್ನು ಒಣಗಿದ ಗೋವಿನಜೋಳದ ಸಿಪ್ಪೆ ಹಿಚುಕಿ ತೆಗೆದಿದ್ದರೆಂದು ಸಿನಿಮಾಕ್ಕೆ ಸದ್ದು ಮಾಡಿದವರೇ ನನಗೆ ಹೇಳಿದ್ದರು. ಅದನ್ನು ಅವಳಿಗೆ ಹೇಳಿದೆ. ಅವಳು ಲ್ಯಾಪ್‌ಟಾಪಿನ ಹಿಂದಿನ ಚೀಲವನ್ನೊಮ್ಮೆ ತಟ್ಟಿ, "ಆಹಾ!" ಎಂದಳು. ನಗಲಿಲ್ಲ.

ಚಿತೆ ಅವಳಿಗೆ ಯಾಕೆ ಅಷ್ಟು ಚುಚ್ಚಿತೆಂಬುದು ಹೊಲಕ್ಕೆ ಹೋಗಿ ಶಿವಯೋಗಿಯ ಗದ್ದುಗೆ, ಅಂದರೆ ಸಮಾಧಿ, ನೋಡಿದಾಗ ನನಗೆ ತಿಳಿಯಿತು. ಅವಳದು ಲಿಂಗಾಯತ ಮನೆ. ಸತ್ತವರ ಎಡಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುವವರು. ನಮ್ಮ ವೈಷ್ಣವರ ಮನೆಗಳಲ್ಲಿ ಸುಟ್ಟು ಬೂದಿಯನ್ನು ನದಿಗೆ ಬಿಟ್ಟಮೇಲೆ ಸತ್ತವರಿಗೆ ವಿಳಾಸವಿರುವುದಿಲ್ಲ. ಅನ್ನವ್ವನ ಮಗನಿಗೆ ವಿಳಾಸವಿದೆ. ಹೊಲದ ಮೂಡಣ ಬದುವಿನಲ್ಲಿ, ಗಂಡ ಚಂದ್ರಪ್ಪನ ಗದ್ದುಗೆಯ ಪಕ್ಕದಲ್ಲಿ, ಸಿಮೆಂಟಿನ ಸಣ್ಣ ಕಟ್ಟೆ. ಸೋಮವಾರ ಪತ್ರಿ ಏರಿಸಿ ಬರುತ್ತಾಳೆ. ಸಿನಿಮಾ ಬಂದಮೇಲೆ ಹೊರಗಿನವರು ಅದನ್ನು ನೋಡಲು ಬರತೊಡಗಿದ್ದರು. ನಾವು ಹೋದಾಗಲೂ ಇಬ್ಬರು ಬೈಕು ನಿಲ್ಲಿಸಿ, ಕಟ್ಟೆಯ ಮೇಲೆಯೇ ಕೂತು ಮೊಬೈಲು ಎತ್ತಿ ಹಿಡಿದಿದ್ದರು.

"ಏಯ್! ಏಳ್ರಿ ಮ್ಯಾಲೆ! ಅವನ ತಲೀಮ್ಯಾಲ ಕುಂತೀರಿ."

"ಇದು ಬರೀ ನೆನಪಿಗೆ ಕಟ್ಟಿದ್ದಲ್ಲೇನ್ರಿ ಅಜ್ಜಿ? ಒಳಗ ಏನೂ ಇಲ್ಲಲ್ಲ. ಸಿನಿಮಾದಾಗ ನೋಡೇವಿ."

ಅವರು ಎದ್ದು, ಸಂಕೋಚದಿಂದ ಪ್ಯಾಂಟು ಜಾಡಿಸಿಕೊಂಡು ಹೋದರು. ಒರಟರೇನಲ್ಲ. ಕಣ್ಣಾರೆ ಕಂಡದ್ದನ್ನು ನಂಬಿದವರು, ಅಷ್ಟೆ.

"ಕೇಳಿದ್ರಿಲ್ಲೋ?" ಎಂದಳು ಅನ್ನವ್ವ. "‘ಒಳಗ ಏನೂ ಇಲ್ಲ.’ ಇದಾ ಮಾತು ನಮ್ಮ ಬೀಗತಿನೂ ಅಂತಾಳ."

ಬೀಗತಿ ಎಂದರೆ ಮಗಳು ಭಾಗ್ಯಶ್ರೀಯ ಅತ್ತೆ ಹಾಲವ್ವ. ಮನೆ ಚಿಕ್ಕೇರೂರು. ಶಿವಯೋಗಿ ಹೋದ ಮೇಲೆ ಕೂಡಿದ ಸಂಬಂಧ, ಆದ್ದರಿಂದ ಅವರಾರೂ ಮಣ್ಣಿಗೆ ಬಂದವರಲ್ಲ. ಭಾಗ್ಯಶ್ರೀಗೆ ಈಗ ಮಗ ಹುಟ್ಟಿದ್ದ. ಚೊಚ್ಚಲ ಕೂಸನ್ನು ಹಿರಿಯರ ಗದ್ದುಗೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಳ್ಳುವುದು ಅನ್ನವ್ವನ ಮನೆತನದ ರೂಢಿ. ಮಾವನ ಮಡಿಲಿಗೆ ಅಳಿಯನನ್ನು ಹಾಕಬೇಕೆಂದು ಅವಳು ಹೇಳಿ ಕಳಿಸಿದ್ದಳು. ಹಿರೇಕೆರೂರಿನ ಥಿಯೇಟರಿನಲ್ಲಿ ಸಿನಿಮಾ ನೋಡಿ ಕಣ್ಣೊರೆಸಿಕೊಂಡು ಬಂದಿದ್ದ ಹಾಲವ್ವ, ಬರೀ ಸಿಮೆಂಟಿಗೆ ನಮ್ಮ ಕೂಸನ್ನು ಯಾಕೆ ಮುಟ್ಟಿಸಬೇಕೆಂದು ಕೇಳಿದ್ದಳು.

"ಮಗಳು ಹೇಳಿದ್ಲು, ಸುಟ್ಟಿಲ್ಲರಿ ಅತ್ತಿ, ನಾನಾ ಇದ್ದೆ ಅಂತ. ಅದಕ್ಕ ಆಕಿ ಏನಂದ್ಲು ಗೊತ್ತೈತೇನ್ರಿ? ‘ಅಷ್ಟು ರೊಕ್ಕ ಹಾಕಿ ಸಿನಿಮಾ ಮಾಡಿದವ್ರು ಸುಳ್ಳ ತೋರಸ್ತಾರೇನು? ನಿಮ್ಮವ್ವ ಖಾಲಿ ಪೆಟ್ಟಿಗಿ ಹುಗದು ಸಮಾಧಾನ ಮಾಡ್ಕೊಂಡಾಳ, ಪಾಪ.’ ಪಾಪ ಅಂದ್ಲರಿ! ಬೈದಿದ್ರ ತಡಕೋತಿದ್ದೆ."

ಪತ್ರಿ ಏರಿಸಿ, ಬೈಕಿನವರು ಬಿಟ್ಟುಹೋದ ಚಿಪ್ಸ್ ಪಾಕೀಟನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಂಡು, ಅವಳು ನನ್ನ ಕಡೆ ತಿರುಗಿದಳು.

"ಮಾತಾಡಾಕ ಬರ್ತೇನಿ ಅಂತ ಹೇಳ್ರಿ ಅವ್ರಿಗೆ. ಆದ್ರ ಏನ ಮಾತಾಡ್ತೇನಿ ಅಂತ ಕೇಳಬಾರದು."

ಧ್ವನಿ ಹಿಡಿಯಲು ಹೊರಗಿನ ಸದ್ದು ಬಾರದ ಕೋಣೆ ಬೇಕು. ಅವಳನ್ನು ಬೆಂಗಳೂರಿಗೆ ಕರೆಸುವ ಬದಲು ನಾನು ಹಾನಗಲ್ಲಿನ ಒಂದು ಕೋಣೆ ಸೂಚಿಸಿದೆ. ನನ್ನಣ್ಣ ಸುಶೀಂದ್ರ ಅಲ್ಲಿ ಕಿವಿಯ ಡಾಕ್ಟರು. ಅವನ ದವಾಖಾನೆಯಲ್ಲಿ ಕಿವಿ ಕೇಳುತ್ತದೋ ಇಲ್ಲವೋ ಪರೀಕ್ಷಿಸುವ ಗಾಜಿನ ಕಿಟಕಿಯ ಪುಟ್ಟ ಕೋಣೆಯಿದೆ. ಬಾಗಿಲು ಹಾಕಿದರೆ ಎದುರಿನ ರಸ್ತೆಯ ಟ್ರ್ಯಾಕ್ಟರು ಕೂಡ ಮೂಕವಾಗುತ್ತದೆ. ರವಿವಾರ ರೋಗಿಗಳಿರುವುದಿಲ್ಲ. ಒಳಗೆ ಅನ್ನವ್ವ ಮತ್ತು ನಾನು, ಕಿಟಕಿಯ ಆಚೆ ಇನ್ನೊಂದು ಮೈಕಿನ ಮುಂದೆ ನಿರ್ದೇಶಕರು, ಎರಡೂ ಕಡೆ ಒಂದೊಂದು ಪರದೆ.

ನಿರ್ದೇಶಕರು ಕೆಟ್ಟವರಲ್ಲ. ಅವಳ ಕಾಲಿಗೆ ನಮಸ್ಕರಿಸಿ, ಊಟವಾಯಿತೇ ಎಂದು ಕೇಳಿ, ಕುರ್ಚಿಗೆ ದಿಂಬು ತರಿಸಿದರು. ಅನ್ನವ್ವ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದಳು. ಮೈಕಿಗೆ ಅಗಿಯುವ ಸದ್ದು ಕೇಳುತ್ತದೆಂದು ಮೊದಲೇ ಹೇಳಿದ್ದೆ.

"ಸವಣೂರ ಎಲಿ ತರ್ತೀಯಂತ ಆಸೆ ಹಚ್ಚಿ, ತಂದು, ಈಗ ತಿನಬ್ಯಾಡ ಅಂತೀಯಲ್ಲವಾ!" ಎಂದು ನನ್ನನ್ನು ಬೈದಳು. ‘ಬಾಯಾರ’ ಎಂಬ ಗೌರವ ಹೋಗಿ ‘ನೀನು’ ಬಂದಿತ್ತು. ನನಗೆ ಹಿತವಾಯಿತು.

ಮೊದಲ ಅರ್ಧ ನೀರಿನಂತೆ ಸಾಗಿತು. ಪರದೆಯ ಮೇಲೆ ಸಿನಿಮಾದ ತಾಯಿ ರೊಟ್ಟಿ ಬಡಿಯುತ್ತಿದ್ದಳು.

"ಈಕಿನ್ನ ನೋಡ್ರಿ. ಮೊಣಕೈತನಕ ಬಳಿ ಹಾಕ್ಕೊಂಡು ರೊಟ್ಟಿ ಬಡ್ಯಾಕತ್ತಾಳ. ಹಿಂಗ ಬಡದ್ರ ಅದು ರೊಟ್ಟಿ ಅಲ್ಲ, ತೂತು ಬಿದ್ದ ಜಾಳಗಿ ಆಕೈತಿ."

ಕಿಟಕಿಯ ಆಚೆ ನಿರ್ದೇಶಕರು ಹೊಟ್ಟೆ ಹಿಡಿದು ನಕ್ಕರು. "ಅಮ್ಮ, ಸೂಪರ್! ಹೀಗೇ ಹೇಳ್ತಾ ಹೋಗಿ."

ನಾಯಕ ಸೂರ್ಯಕಾಂತಿಯ ಹೊಲದಲ್ಲಿ ಹಾಡಿದಾಗ, "ನನ್ನ ಮಗ ಹಾಡಿದ್ದು ನಾ ಕೇಳಿಲ್ಲ. ಸೀಟಿ ಹೊಡೀತಿದ್ದ. ಮನ್ಯಾಗ ಸೀಟಿ ಹೊಡೀಬ್ಯಾಡೋ ಅಂತ ಬೈತಿದ್ದೆ. ಬಾಗಲಾ ದಾಟಿ ಹೊಡೀತಿದ್ದ," ಎಂದಳು. ಮಗ ರಜೆಗೆ ಬಂದಾಗ ಸೀದಾ ಹಿತ್ತಲಿಗೆ ಹೋಗಿ ಎಮ್ಮೆಯನ್ನು ಮಾತಾಡಿಸಿ, ಆಮೇಲೆ ಅವ್ವನನ್ನು ಮಾತಾಡಿಸುತ್ತಿದ್ದನೆಂದೂ ಹೇಳಿದಳು.

ಯುದ್ಧ ಶುರುವಾದಾಗ ಅವಳು ಪರದೆಯಿಂದ ಕಣ್ಣು ತೆಗೆದು ತನ್ನ ಅಂಗೈ ನೋಡುತ್ತ ಕೂತಳು. ಗುಂಡು, ಹಿಮ, ಕೂಗು. ನಿರ್ದೇಶಕರು ಕಾದರು. ಕೊನೆಗೆ ಮೆಲ್ಲಗೆ ಕೇಳಿದರು, "ಅಮ್ಮ, ಈ ದೃಶ್ಯದ ಬಗ್ಗೆ ಏನಾದ್ರೂ?"

"ಇಲ್ಲಿ ನಾ ಏನ ಹೇಳಲಿರಿ? ನಾ ಅಲ್ಲಿ ಇದ್ದಿಲ್ಲ. ನೀವೂ ಇದ್ದಿಲ್ಲ. ನಾ ಇದ್ದಲ್ಲಿಂದ ಹೇಳ್ತೇನಿ, ತಡೀರಿ."

ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ್ದು ಇದನ್ನೇ. ಕಂಡಷ್ಟನ್ನು ಹೇಳು, ಕಾಣದ್ದನ್ನು ಕಂಡಂತೆ ಹೇಳಬೇಡ. ನಾನು ಧ್ವನಿಯ ಮಟ್ಟ ತೋರಿಸುವ ಮುಳ್ಳನ್ನು ನೋಡುತ್ತ ಕೂತೆ. ಅದು ಸೊನ್ನೆಯಲ್ಲಿ ನಿಂತಿತ್ತು.

ಆಮೇಲೆ ಧ್ವಜ ಹೊದಿಸಿದ ಪೆಟ್ಟಿಗೆ ಊರಿಗೆ ಬಂತು. ಕಹಳೆ ಊದಿತು. ಚಿತೆಗೆ ಬೆಂಕಿ ಇಟ್ಟರು. ನಿರ್ದೇಶಕರು ತಾವು ಸಿದ್ಧಮಾಡಿಕೊಂಡಿದ್ದ ಪ್ರಶ್ನೆ ಕೇಳಿದರು, "ಅಮ್ಮ, ಈ ಬೆಂಕಿ ನೋಡುವಾಗ ತಾಯಿಯಾಗಿ ನಿಮಗೇನನ್ನಿಸುತ್ತೆ?"

ಮುಳ್ಳು ಎದ್ದಿತು.

"ಇದು ಸುಳ್ಳ ಅನಸ್ತೈತಿ," ಎಂದಳು ಅನ್ನವ್ವ. "ಡಿಸ್ಕ್ ನೋಡವ್ರೆಲ್ಲಾ ಕೇಳ್ರಿ. ನಾ ಶಿವಯೋಗಿ ಅವ್ವ, ಹಿರೇಬೆಂಡಿಗೇರಿ. ಅಲ್ಲಿ ಉರಿಯಾಕತ್ತಿದ್ದು ನನ್ನ ಮಗ ಅಲ್ಲ, ಬೆಂಗಳೂರ ಕಟಗಿ. ಆ ಚಟಪಟ ಸಪ್ಪಳ ಐತೆಲ್ಲ, ಅದು ಗೋವಿನಜೋಳದ ಸಿಪ್ಪಿ. ನಮ್ಮ ಮನ್ಯಾಗ ಚೀಲಗಟ್ಟಲೆ ಅದಾವು, ಬೇಕಾದ್ರ ಬರ್ರಿ, ಹಿಚಿಕಿ ತೋರಸ್ತೇನಿ. ನನ್ನ ಮಗನ್ನ ನಾವು ಮಣ್ಣು ಮಾಡೇವಿ. ಪೆಟ್ಟಿಗಿ ಬಂದಾಗ ಮಿಲಿಟ್ರಿ ಸಾಹೇಬ್ರು ತೆಗೀಬ್ಯಾಡ್ರಿ ಅಂದ್ರು, ನಿಮ್ಮ ಕಡಿಂದ ನೋಡೂದು ಆಗೂದಿಲ್ಲ ಅಂದ್ರು. ನಾ ಅಂದೆ, ಸಾಹೇಬ್ರ, ನೋಡಾಕ ಅಲ್ಲ, ಕುಂದ್ರಸಾಕ. ನಮ್ಮಲ್ಲಿ ಮಲಗಿಸಿ ಕಳಸೂದಿಲ್ಲ. ನನ್ನ ಮಗ ಕುಂತು ಹೋಗಬೇಕು. ಅವ್ರಿಗೆ ಕನ್ನಡ ಬರ್ತಿದ್ದಿಲ್ಲ, ಕೇರಳದವ್ರಂತ. ಯಾರೋ ತಿಳಿಸಿ ಹೇಳಿದ್ರು. ಅವ್ರು ಟೊಪಿಗಿ ತೆಗದು ಬಗಲಾಗ ಇಟಗೊಂಡು, ತಾವಾ ಬಗ್ಗಿ ಪೆಟ್ಟಿಗಿ ತೆಗದ್ರು."

ಪರದೆಯ ಮೇಲೆ ಜ್ವಾಲೆ ಏರುತ್ತಿತ್ತು. ಅವಳ ದನಿ ಏರಲಿಲ್ಲ. ಅಡಿಗೆ ಹೇಳಿಕೊಡುವವಳಂತೆ ಒಂದಾದ ಮೇಲೊಂದು ಹೇಳುತ್ತ ಹೋದಳು.

"ಎಡಗಾಲ ಇದ್ದಿಲ್ಲ. ತೊಡಿ ಕೆಳಗ ಬಟ್ಟಿ ಅಷ್ಟಾ. ಕಾಲ ಇಲ್ದವನ್ನ ಹೆಂಗ ಕುಂದ್ರಸೂದು? ವಾಲ್ತಾನ. ಊರ ಹಿರ್ಯಾರು ಬ್ಯಾಡ ಬಿಡವ್ವ, ಹಂಗಾ ಮಲಗಸೂಣು ಅಂದ್ರು. ನಾ ಕುಣ್ಯಾಗ ಇಳದೆ. ಹೆಣಮಕ್ಕಳು ಇಳೀಬಾರದು ಅಂದ್ರು. ಇಳದೆ. ವಿಭೂತಿ ಗಟ್ಟಿ ತರಸ್ರಿ ಅಂದೆ. ಮಠದಾಗಿನವು, ಮನಿಮನ್ಯಾಗಿನವು, ಎಲ್ಲಾ ಬಂದ್ವು. ಎಡಗಡೆ ಗಟ್ಟಿ ಒಟ್ಟಿ ಆಸರಾ ಮಾಡಿದೆ. ಕಾಲ ಮಡಚಿ ಕುಂತಂಗ ಕುಂತ. ಕೈಯಾಗ ಲಿಂಗ ಇಟ್ಟೆ. ಬೆರಳ ನಾನಾ ಮಡಚಿದೆ. ತಲಿ ಮುಂದ ಬಾಗಿತ್ತು, ಹಣಿಗೆ ಹಣಿ ಹಚ್ಚಿ ಎತ್ತಿದೆ. ಆಮ್ಯಾಲ ಮ್ಯಾಲ ಬಂದೆ. ಒಳಗ ಅದಾನ. ಈಗೂ ಅದಾನ. ಒಳಗ ಏನೂ ಇಲ್ಲ ಅನ್ನವ್ರು ಬಂದು ನನ್ನ ಮುಂದ ಅನ್ರಿ."

ಚಿತೆಯ ದೃಶ್ಯ ಮುಗಿಯಿತು. ಪರದೆಯ ಮೇಲೆ ಧ್ವಜ ಹಾರುತ್ತಿತ್ತು. ನಾನು ರೆಕಾರ್ಡಿಂಗ್ ನಿಲ್ಲಿಸಬೇಕಿತ್ತು. ಬೆರಳು ಗುಂಡಿಯ ಮೇಲೆಯೇ ಇದ್ದರೂ ಒತ್ತಲಿಲ್ಲ. ಕಿಟಕಿಯ ಆಚೆ ನಿರ್ದೇಶಕರು ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು.

ಅವರು ಎದ್ದು ಬಾಗಿಲು ತೆಗೆದು ಒಳಗೆ ಬಂದರು. "ಅಮ್ಮ, ನೀವು ಹೇಳಿದ್ದು... ದೊಡ್ಡ ಮಾತು. ಆದ್ರೆ ಇದನ್ನ ಇಡೋಕಾಗಲ್ಲ."

"ಯಾಕರಿ? ಸಪ್ಪಳ ಸರಿ ಬಂದಿಲ್ಲೇನು?"

"ಅದಲ್ಲ. ನೋಡೋರು ಏನಂದ್ಕೋತಾರೆ? ಸಿನಿಮಾ ಸುಳ್ಳು ಅಂತ ಸಿನಿಮಾನೇ ಹೇಳಿದ ಹಾಗಾಗುತ್ತೆ. ನಾನು ಮೋಸ ಮಾಡ್ಬೇಕು ಅಂತ ಮಾಡಿದ್ದಲ್ಲ ಅಮ್ಮ. ಐದು ಭಾಷೆಗೆ ಹೋಗೋ ಸಿನಿಮಾ. ಹೊರಗಿನೋರಿಗೆ ಕೂರಿಸಿ ಮಣ್ಣು ಮಾಡೋದು ತಿಳಿಯಲ್ಲ. ತೋರಿಸಿ ನೋಡಿದ್ವಿ, ಏನಾಗ್ತಿದೆ ಅಂತ ಪಕ್ಕದೋರನ್ನ ಕೇಳೋಕೆ ಶುರು ಮಾಡಿದ್ರು. ಬೆಂಕಿ ಅಂದ್ರೆ ಎಲ್ಲರಿಗೂ ತಕ್ಷಣ ಅರ್ಥ ಆಗುತ್ತೆ."

"ಕೇಳಿದ್ರ ಕೇಳಲಿ. ಕೇಳಿದ್ರ ತಿಳೀತಿತ್ತು."

ಅವರು ಕುರ್ಚಿ ಎಳೆದುಕೊಂಡು ಅವಳ ಮುಂದೆ ಕೂತರು. "ಒಂದು ಕೆಲಸ ಮಾಡ್ತೀನಿ. ಈ ಮಾತನ್ನ ಇಲ್ಲಿಂದ ತೆಗೆದು, ಬೋನಸ್ ಡಿಸ್ಕ್‌ನಲ್ಲಿ ಬೇರೆಯಾಗಿ ಹಾಕ್ತೀನಿ. ‘ತಾಯಿಯ ನೆನಪುಗಳು’ ಅಂತ. ಹಿಂದೆ ಸಣ್ಣಗೆ ವೀಣೆ ಇಟ್ಟು..."

"ಬೋನಸ್ ಅಂದ್ರ? ಫ್ಯಾಕ್ಟರ್ಯಾಗ ದೀಪಾವಳಿಗೆ ಕೊಡ್ತಾರಲ್ಲ, ಅದಾ?"

"ಹಾಗೇ ಅಂದ್ಕೊಳ್ಳಿ. ಮೇಲೆ ಕೊಡೋದು."

"ಅಂದ್ರ ಸುಡೂದು ಸಿನಿಮಾ, ಮಣ್ಣು ಮಾಡೂದು ಬೋನಸ್ಸು." ಅನ್ನವ್ವ ಸೆರಗು ಸರಿಮಾಡಿಕೊಂಡಳು. "ನನ್ನ ಮಗನ ಮಣ್ಣು ದೀಪಾವಳಿ ಇನಾಮು ಅಲ್ಲರಿ. ಎಲ್ಲಿ ಬೆಂಕಿ ಐತಿ, ಅಲ್ಲೇ ನನ್ನ ಮಾತು ಇರಬೇಕು. ಸುಳ್ಳ ಚಾವಡಿಯಾಗ ಹೇಳಿ, ಖರೆ ಹಿತ್ತಲದಾಗ ಹೇಳಂದ್ರ ಹೆಂಗ? ವೀಣೆ ಬ್ಯಾಡ. ನನಗ ವೀಣೆ ಗೊತ್ತಿಲ್ಲ."

"ಅಮ್ಮ, ಬರೀ ಆ ಒಂದು ಭಾಗ..."

"ತೆಗೀರಿ. ಆದ್ರ ಎಲ್ಲಾ ತೆಗೀರಿ. ರೊಟ್ಟಿ ಮಾತು ತೆಗೀರಿ, ಎಮ್ಮಿ ಮಾತು ತೆಗೀರಿ. ಪೆಟ್ಟಿಗಿ ಮ್ಯಾಲ ನನ್ನ ಫೋಟೊ ಹಾಕೀರೆಲ್ಲ, ಅದನ್ನೂ ಹರೀರಿ. ನಗಸಾಕ ನಾ ಬೇಕು, ಖರೆ ಹೇಳಾಕ ಬ್ಯಾಡ ಅಂದ್ರ, ನಾನಾ ಬ್ಯಾಡ."

ತೆರೆದ ಬಾಗಿಲಿನ ಹೊರಗೆ ಕೂತಿದ್ದ ಅಣ್ಣ ಸುಶೀಂದ್ರನಿಗೆ ತಡೆಯಲಾಗಲಿಲ್ಲ. "ಸರ, ಈ ಖೋಲ್ಯಾಗ ಕಿವಿ ಕೇಳಲಾರದವರಿಗೆ ಪರೀಕ್ಷಾ ಮಾಡ್ತೀವಿ," ಎಂದ. "ನಿಮಗೂ ಒಮ್ಮೆ ಮಾಡ್ಲೇನು?"

ನಿರ್ದೇಶಕರು ನಕ್ಕಂತೆ ಮಾಡಿ ಎದ್ದು, ಫೋನು ಹಿಡಿದು ಮೆಟ್ಟಿಲಿಳಿದು ಹೋದರು. ಹೊರಕೋಣೆಯ ಕಿಟಕಿಯಿಂದ ಅವರು ದವಾಖಾನೆಯ ಅಂಗಳದಲ್ಲಿ ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು. ಅನ್ನವ್ವ ಎಲೆಗೆ ಸುಣ್ಣ ಹಚ್ಚಿ, ನನಗೂ ಒಂದು ಮಡಚಿ ಕೊಟ್ಟಳು.

ಅವರು ಮರಳಿ ಬಂದಾಗ ನಾನು ನನಗೆ ತಿಳಿದಷ್ಟನ್ನು ಹೇಳಿದೆ. ಸಿನಿಮಾದ ಒಂದು ಚೌಕಟ್ಟನ್ನೂ ಯಾರೂ ಮುಟ್ಟುತ್ತಿಲ್ಲ. ಒಂದನೆಯ ಧ್ವನಿಪಟ್ಟಿ ಹೇಗಿದೆಯೋ ಹಾಗೆಯೇ ಇರುತ್ತದೆ. ಅವಳ ಮಾತು ಎರಡನೆಯದರಲ್ಲಿ ಮಾತ್ರ. ಗುಂಡಿ ಒತ್ತಿ ಆಯ್ದುಕೊಂಡವರಿಗಷ್ಟೇ ಅದು ಕೇಳುತ್ತದೆ. ಮತ್ತು ಆಯ್ದುಕೊಂಡವರು, ಅವಳ ಮಾತು ಬೇಕೆಂದೇ ಆಯ್ದುಕೊಂಡಿರುತ್ತಾರೆ. ಅವರಿಗೆ ಅರ್ಧ ಮಾತು ಕೊಡುವುದು ಯಾವ ನ್ಯಾಯ?

ಅವರು ಪರದೆಯ ಮೇಲೆ ನಿಂತುಬಿಟ್ಟಿದ್ದ ಧ್ವಜವನ್ನು ನೋಡಿದರು. ಫೋನಿನಲ್ಲಿ ಅವರಿಗೆ ಏನು ಹೇಳಿದ್ದರೋ ತಿಳಿಯದು. ಪೆಟ್ಟಿಗೆಯ ಮೇಲೆ ಅವಳ ಫೋಟೊ ಆಗಲೇ ಅಚ್ಚಾಗಿಬಿಟ್ಟಿತ್ತು ಎಂಬುದಂತೂ ನನಗೆ ಗೊತ್ತಿತ್ತು.

"ಹೋಗ್ಲಿ ಬಿಡಿ. ಇರ್ಲಿ," ಎಂದು ನನಗೆ ಹೇಳಿದರು. "ಕಾಮೆಂಟರಿ ಯಾರು ಕೇಳ್ತಾರೆ? ನೂರಕ್ಕೆ ಒಬ್ಬರು."

"ಆ ಒಬ್ಬರು ಯಾರಂತ ನನಗ ಗೊತ್ತೈತಿ," ಎಂದಳು ಅನ್ನವ್ವ. "ಅದಿರಲಿ, ಡಿಸ್ಕ್ ಕೊಟ್ರ ಸಾಲೂದಿಲ್ಲರಿ. ಅದು ಆಡೂ ಮಷೀನೂ ಕೊಡ್ರಿ. ಚಿಕ್ಕೇರೂರಾಗ ಅದೆಲ್ಲಿ ಸಿಗತೈತಿ?"

ಅವರು ಮಷೀನು ಕಳಿಸಿದರು. ಅಷ್ಟರಮಟ್ಟಿಗೆ ಮಾತಿಗೆ ನಿಂತರು.

ಪೆಟ್ಟಿಗೆ ಬಿಡುಗಡೆಯಾದ ವಾರವೇ ಅನ್ನವ್ವ ಫೋನು ಮಾಡಿದಳು. ತನಗೆ ಓದು ಬಾರದು, ಗುಂಡಿ ತೋರಿಸಿಕೊಡಬೇಕು, ಬಾ. ನಾನು ಹುಬ್ಬಳ್ಳಿಯಿಂದ ಹೋಗಿ, ಧ್ವನಿ ಬದಲಿಸುವ ಗುಂಡಿಗೆ ನನ್ನ ಉಗುರಿನ ಕೆಂಪು ಬಣ್ಣ ಬಳಿದು ಕೊಟ್ಟೆ. ಒತ್ತಿದರೆ ಪರದೆಯ ಮೂಲೆಯಲ್ಲಿ ‘ಆಡಿಯೊ ೨: ಅನ್ನವ್ವ’ ಎಂದು ಮೂಡುತ್ತಿತ್ತು. ನಾನು ನಿರ್ದೇಶಕರ ಹೆಸರನ್ನೂ ಸೇರಿಸಿ ಬರೆದಿದ್ದೆ. ಅದನ್ನು ಅವರೇ ತೆಗೆಸಿದ್ದರು.

"ಏನ ಬರದೈತಿ ಅದು?"

"ನಿಮ್ಮ ಹೆಸರವ್ವ."

"ಬರೀ ನಂದಾ? ಛಲೋ ಆತು," ಎಂದಳು. ಮಷೀನನ್ನು ಕೌದಿಯಲ್ಲಿ ಸುತ್ತಿ, ಕೈಚೀಲಕ್ಕೆ ಇಳಿಸಿ, ಅದನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಳು. ಕಂಡಕ್ಟರು ಇದೇನೆಂದು ಕೇಳಿದ್ದಕ್ಕೆ, "ನನ್ನ ಬಾಯಿ," ಎಂದಳು. ನಾನೂ ಜೊತೆಗೆ ಹೋದೆ. ತಂತಿ ಜೋಡಿಸಲು ಯಾರಾದರೂ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಮಾಡಿದ ಧ್ವನಿಪಟ್ಟಿ ಅದು ತಲುಪಬೇಕಾದ ಕಿವಿಗೆ ತಲುಪುವುದನ್ನು ನೋಡಬೇಕಿತ್ತು.

ಚಿಕ್ಕೇರೂರಿನಲ್ಲಿ ಹಾಲವ್ವ ನೀರು ಕೊಟ್ಟಳು, ಚಹಾ ಕೊಟ್ಟಳು, ಚೀಲದ ಕಡೆ ಕಣ್ಣು ಹಾಯಿಸಿದಳು. ಗಟ್ಟಿ ಹೆಂಗಸು, ಒಳ್ಳೆಯ ನಗು. ಭಾಗ್ಯಶ್ರೀ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ಅವ್ವನ ಕಡೆಗೂ ನೋಡಲಿಲ್ಲ, ಅತ್ತೆಯ ಕಡೆಗೂ ನೋಡಲಿಲ್ಲ.

"ಆ ಸಿನಿಮಾ ನಾ ನೋಡೇನಿ ಬೀಗತಿ," ಎಂದಳು ಹಾಲವ್ವ. "ಮತ್ತ ಯಾಕ ಅಳಸಾಕ ಬಂದೀ?"

"ನೀ ನೋಡೀದಿ, ಕೇಳಿಲ್ಲ. ಈಗ ಕೇಳು."

"ಅದಾ ಸ್ಮಶಾನ, ಅದಾ ಬೆಂಕಿ..."

"ಬೆಂಕಿನಾ ನೋಡಸಾಕ ಬಂದೇನಿ. ಕುಂದ್ರು."

ಮೊದಲಿನಿಂದ ಹಾಕಲೇ ಎಂದು ಕೇಳಿದೆ. ಅನ್ನವ್ವ ಹೂಂ ಎಂದಳು. ರೊಟ್ಟಿಯ ಮಾತಿಗೆ ಹಾಲವ್ವ ಗಟ್ಟಿಯಾಗಿ ನಕ್ಕು, "ಖರೆ ಐತಿ, ನಾನೂ ಅದನ್ನಾ ಅಂದಿದ್ದೆ," ಎಂದಳು. ಎಮ್ಮೆಯ ಮಾತಿಗೆ ಭಾಗ್ಯಶ್ರೀ ಮೊದಲ ಸಲ ತಲೆಯೆತ್ತಿದಳು. ಯುದ್ಧದಲ್ಲಿ ಅನ್ನವ್ವನ ಮೌನ ಬಂದಾಗ ಹಾಲವ್ವ ರಿಮೋಟಿನ ಕಡೆ ಕೈ ಚಾಚಿ, "ನಿನ್ನ ಆವಾಜ್ ಹೋತು," ಎಂದಳು.

"ಹೋಗಿಲ್ಲ. ತಡಿ."

ಚಿತೆಗೆ ಬೆಂಕಿ ಬಿತ್ತು. ಟಿವಿಯೊಳಗಿನಿಂದ, ತನ್ನ ಪಕ್ಕದಲ್ಲೇ ಕೂತವಳ ದನಿ, ‘ಇದು ಸುಳ್ಳ ಅನಸ್ತೈತಿ’ ಎಂದಾಗ ಹಾಲವ್ವ ಒಮ್ಮೆ ಟಿವಿ ನೋಡಿದಳು, ಒಮ್ಮೆ ಅನ್ನವ್ವನನ್ನು ನೋಡಿದಳು. ಅನ್ನವ್ವ ಬಾಯಿ ಬಿಗಿದುಕೊಂಡು ಕೂತಿದ್ದಳು. ಅವಳು ಹೇಳಬೇಕಾದ್ದೆಲ್ಲ ಅಲ್ಲಿ ಹೇಳಿಯಾಗಿತ್ತು. ಪರದೆಯಲ್ಲಿ ಉರಿ ಏರುತ್ತಿತ್ತು. ಮಾತಿನಲ್ಲಿ ಅವಳು ಕುಣಿಗೆ ಇಳಿಯುತ್ತಿದ್ದಳು. ಒಂದೇ ಹೊತ್ತಿಗೆ ಕಣ್ಣಿಗೊಂದು ಕಿವಿಗೊಂದು ಬಂದರೆ ಮನಸ್ಸು ಕಣ್ಣಿನ ಕಡೆ ವಾಲುತ್ತದೆ ಎಂದು ನಾನು ಓದಿದ್ದೆ. ಅಂದು ಆ ಪಡಸಾಲೆಯಲ್ಲಿ ಯಾರೂ ಬೆಂಕಿಯನ್ನು ನೋಡುತ್ತಿರಲಿಲ್ಲ. ಹಾಲವ್ವ ನೆಲ ನೋಡುತ್ತ ಕೇಳುತ್ತಿದ್ದಳು.

‘ಒಳಗ ಏನೂ ಇಲ್ಲ ಅನ್ನವ್ರು ಬಂದು ನನ್ನ ಮುಂದ ಅನ್ರಿ.’

ಅನ್ನವ್ವ ರಿಮೋಟು ಎತ್ತಿ ನಿಲ್ಲಿಸಿದಳು. "ಈಗ ಅನ್ನು," ಎಂದಳು. "ಮುಂದ ಬಂದು ಕುಂತೇನಿ."

ಹಾಲವ್ವ ಬೀಗತಿಯ ಕಡೆ ತಿರುಗಿ ಕೂತಳು. "ಕಾಲ ಇದ್ದಿಲ್ಲಂತ ನೀ ನನಗ ಹೇಳಲೇ ಇಲ್ಲಲ್ಲ," ಎಂದಳು.

"ನೀ ಕೇಳಿದ್ದೇನು? ಪಾಪ ಅಂದಿ. ಪಾಪ ಅಂದವ್ರಿಗೆ ನಾ ಏನೂ ಹೇಳೂದಿಲ್ಲ."

"ಗಟ್ಟಿ ಒಟ್ಟಿದ ಮ್ಯಾಲ... ವಾಲಲಿಲ್ಲೇನು?"

ಅನ್ನವ್ವ ನನ್ನ ಕಡೆ ನೋಡಿದಳು. ಆಮೇಲೆ ರಿಮೋಟನ್ನು ಬೀಗತಿಯ ಕೈಗೇ ಕೊಟ್ಟು, ಹಿಂದಕ್ಕೆ ಓಡಿಸುವ ಗುಂಡಿಯ ಮೇಲೆ ಅವಳ ಹೆಬ್ಬೆರಳನ್ನು ತಾನೇ ಇಟ್ಟಳು.

"ಹೇಳೇನಿ ಅದರಾಗ. ಇನ್ನೊಮ್ಮೆ ಕೇಳು."

ಉರಿ ಮತ್ತೆ ಏಳತೊಡಗಿತು. ಕಂಬದ ಹತ್ತಿರ ಭಾಗ್ಯಶ್ರೀ ಕೂಸನ್ನೆತ್ತಿಕೊಂಡು ಎದ್ದು, ಯಾರನ್ನೂ ಕೇಳದೆ, ಊರಿಗೆ ಹೊರಟಾಗ ಅದಕ್ಕೆ ಹಾಕುವ ಕುಲಾಯಿ ಟೊಪ್ಪಿಗೆಯನ್ನು ಗೂಟದಿಂದ ತೆಗೆದುಕೊಂಡು ಅದರ ಧೂಳು ಜಾಡಿಸುತ್ತಿದ್ದಳು.